ಹೆಣದ ಕಿವಿಯ ಹತ್ತಿ

ಅಚ್ಚಾಗಿ ಬಂದದ್ದು ಹನ್ನೆರಡು ಕಾಗದ; ಬೇಕಾಗಿದ್ದುದು ಹನ್ನೊಂದು. ಸಾವಿರದ ಒಂಬೈನೂರ ಎಂಬತ್ತಮೂರರ ಸೆಪ್ಟೆಂಬರಿನ ಒಂದು ಗುರುವಾರ ಸೊಬ್ರೇರ ಎಂಬ ಊರಿನಲ್ಲಿ ನಡೆದದ್ದಕ್ಕೆಲ್ಲ ಆ ಹೆಚ್ಚಿನ ಒಂದು ಕಾಗದವೇ ಕಾರಣವೆಂಬ ವಿಷಯದಲ್ಲಿ, ಈ ಕತೆಯನ್ನು ಹೇಳುವವರೆಲ್ಲರೂ ಒಮ್ಮತದಿಂದಿದ್ದಾರೆ. ಉಳಿದ ವಿಷಯಗಳಲ್ಲಿ ಅಲ್ಲಲ್ಲಿ ಪಾಠಾಂತರಗಳಿವೆ.

ಕಾಗದವೆಂದರೆ ಮರಣದ ಕಾಗದ. ಸುತ್ತ ಕಪ್ಪು ಅಂಚು, ಮೇಲೆ ಶಿಲುಬೆ, ನಡುವೆ ಸತ್ತವರ ಭಾವಚಿತ್ರ, ಕೆಳಗೆ ಹೆಸರು, ವಯಸ್ಸು, ಮಣ್ಣು ಮಾಡುವ ಹೊತ್ತು. ಊರಿನಲ್ಲಿ ಯಾರು ಸತ್ತರೂ ಅದನ್ನು ಗೋಡೆಗಳಿಗೂ ಕಾಫಿ ಅಂಗಡಿಯ ಬಾಗಿಲಿಗೂ ಅಂಟಿಸುತ್ತಾರೆ. ಆ ಸೀಮೆಯಲ್ಲಿ ಪತ್ರಿಕೆಯನ್ನು ನಂಬದವರಿದ್ದಾರೆ, ರೇಡಿಯೊ ನಂಬದವರಿದ್ದಾರೆ, ಪಾದ್ರಿಯನ್ನು ನಂಬದವರಂತೂ ಬೇಕಾದಷ್ಟು. ಕಾಫಿ ಅಂಗಡಿಯ ಬಾಗಿಲಿನ ಕಾಗದವನ್ನು ನಂಬದವರು ಮಾತ್ರ ಇನ್ನೂ ಹುಟ್ಟಿಲ್ಲ.

ಈ ಹನ್ನೆರಡು ಕಾಗದಗಳ ಮೇಲಿದ್ದ ಹೆಸರು ಬೆಲರ್ಮೀನೊ ಕ್ವರೆಜ್ಮ, ವಯಸ್ಸು ನಲವತ್ತೊಂಬತ್ತು. ಅವನು ಸತ್ತಿರಲಿಲ್ಲ. ಕಾಗದಗಳು ಬಸ್ಸಿನಲ್ಲಿ ಬಂದಿಳಿದಾಗ ಅವನು ಕಾಫಿ ಅಂಗಡಿಯ ಮೂಲೆಯ ಮೇಜಿನಲ್ಲಿ ಕುಳಿತು, ತನ್ನ ಭಾವಚಿತ್ರ ಸ್ವಲ್ಪ ಮಸುಕಾಗಿ ಬಂದಿದೆಯೆಂದು ಆಕ್ಷೇಪಿಸಿದನು.

ಬೆಲರ್ಮೀನೊ ಊರಿನ ತೂಕದ ಕಾಟಾದ ಮೇಲ್ವಿಚಾರಕ. ಬೇಸಿಗೆಯ ಎರಡು ತಿಂಗಳು ಓಕ್ ಮರಗಳಿಂದ ಸುಲಿದ, ಬಾಟಲಿಯ ಬಿರಡೆ ಮಾಡುವ ತೊಗಟೆಯನ್ನು ತೂಗುವುದು ಅವನ ಕೆಲಸ. ಉಳಿದ ಹತ್ತು ತಿಂಗಳು, ಯಾರೂ ಕದಿಯಲಾರದಷ್ಟು ಭಾರವಾದ ಆ ಕಾಟಾವನ್ನು ಯಾರೂ ಕದಿಯದಂತೆ ನೋಡಿಕೊಳ್ಳುವುದು. ಹೀಗಾಗಿ ಅಲುಗಾಡದೆ ಕೂರುವ ವಿದ್ಯೆಯಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಒಮ್ಮೆ ಅವನ ಟೋಪಿಯ ಮೇಲೆ ಗುಬ್ಬಚ್ಚಿ ಗೂಡಿಗೆ ಹುಲ್ಲು ತಂದಿಟ್ಟಿತ್ತೆಂದು ಕೆಲವರು ಹೇಳುತ್ತಾರೆ. ಇನ್ನು ಕೆಲವರು ಅದು ಗುಬ್ಬಚ್ಚಿಯಲ್ಲ, ಪಾರಿವಾಳ ಎನ್ನುತ್ತಾರೆ.

ಲಿಸ್ಬನ್ನಿನಿಂದ ಸಿನಿಮಾ ತೆಗೆಯಲು ಬಂದ ನಿರ್ದೇಶಕ ಅವನನ್ನು ಕಂಡದ್ದು ಸೋಮವಾರ. ಈ ನಿರ್ದೇಶಕನಿಗೆ ಒಂದು ನಂಬಿಕೆಯಿತ್ತು: ಕ್ಯಾಮರಾ ಅಲುಗಾಡಬಾರದು, ಕ್ಯಾಮರಾದ ಮುಂದಿರುವವರು ಆದಷ್ಟು ಕಡಿಮೆ ಅಲುಗಾಡಬೇಕು, ನೋಡುವವರು ಎದ್ದು ಹೋಗಬಾರದು. ಮೊದಲ ಎರಡು ಅವನ ಕೈಯಲ್ಲಿದ್ದವು. ನಲವತ್ತು ನಿಮಿಷ ಬೆಲರ್ಮೀನೊನನ್ನು ದೂರದಿಂದ ನೋಡಿದ ಮೇಲೆ ಅವನ ಕಣ್ಣಲ್ಲಿ ನೀರಾಡಿತು.

"ಇವರೇ ನಮ್ಮ ಹೆಣ" ಎಂದನು.

ಹೆಣವಾಗುವುದಕ್ಕೆ ಬೆಲರ್ಮೀನೊನ ಅಭ್ಯಂತರವೇನೂ ಇರಲಿಲ್ಲ. ಅಭ್ಯಂತರವಿದ್ದದ್ದು ದಿನಕ್ಕೆ.

"ಡಾಕ್ಟರೇ, ಗುರುವಾರ ಮಾತ್ರ ಬೇಡ" ಎಂದು ಬೇಡಿಕೊಂಡನು. ಲಿಸ್ಬನ್ನಿನಲ್ಲಿ ಓದಿದವರೆಲ್ಲ ಸೊಬ್ರೇರದವರ ಬಾಯಲ್ಲಿ ಡಾಕ್ಟರೇ. "ಗುರುವಾರ ನಂಗೆ ನದಿ ಆಚೆ ಕೆಲಸ ಇದೆ."

"ಏನು ಕೆಲಸ?"

ಬೆಲರ್ಮೀನೊ ಕಿವಿಯವರೆಗೆ ಕೆಂಪಾದನು. ಅವನ ಪರವಾಗಿ ಕಾಫಿ ಅಂಗಡಿಯ ಒರಾಸಿಯು, ಗ್ಲಾಸು ಒರೆಸುತ್ತಲೇ, ಇಡೀ ಅಂಗಡಿಗೆ ಕೇಳಿಸುವಂತೆ ಉತ್ತರಿಸಿದನು:

"ಬ್ರೆಡ್ಡಿನ ಕೆಲಸ ಡಾಕ್ಟರೇ! ಆಚೆ ದಡದ ಅಲ್ಕೊರೇಲಲ್ಲಿ ದೋನ ಲಿಯೊಕಾದಿಯ ಅಂತ ಒಬ್ಬರು ಬೇಕರಿ ಇಟ್ಟಿದ್ದಾರೆ, ಗಂಡ ಇಲ್ಲ. ಇವನು ಒಂಬತ್ತು ವರ್ಷದಿಂದ ಗುರುವಾರ ಗುರುವಾರ ದೋಣಿ ಹತ್ತಿ ಹೋಗಿ ಒಂದು ಬ್ರೆಡ್ಡು ತರ್ತಾನೆ. ನಮ್ಮೂರಲ್ಲಿ ಬ್ರೆಡ್ಡು ಸಿಗಲ್ವಾ? ಸಿಗುತ್ತೆ. ಹೋದ ಗುರುವಾರ ಕೊನೆಗೂ ಬಾಯಿಬಿಟ್ಟು, ನನ್ನ ಮದುವೆ ಆಗ್ತೀರಾ ಅಂತ ಕೇಳಿದ್ದಾನೆ. ಅವರು ಮುಂದಿನ ಗುರುವಾರ ಹೇಳ್ತೀನಿ ಅಂದಿದ್ದಾರೆ."

"ಒರಾಸಿಯು, ಇದನ್ನ ನಿನಗೊಬ್ಬನಿಗೇ ಹೇಳಿದ್ದು ನಾನು" ಎಂದನು ಬೆಲರ್ಮೀನೊ.

"ನಾನೂ ಒಬ್ಬೊಬ್ಬರಿಗೇ ಹೇಳಿದ್ದು ಮಾರಾಯ."

ನಿರ್ದೇಶಕ ಯೋಚಿಸಿದನು. ಗುರುವಾರ ಮಧ್ಯಾಹ್ನ ಮೂರಕ್ಕೆ ಚರ್ಚಿನ ಪಶ್ಚಿಮದ ಕಿಟಕಿಯಿಂದ ಬೀಳುವ ಬಿಸಿಲು ಶುಕ್ರವಾರವೂ ಬೀಳುತ್ತದೆಂದು ಒಪ್ಪುವ ಮನುಷ್ಯ ಅವನಲ್ಲ. ಚಿತ್ರೀಕರಣ ಹತ್ತೇ ನಿಮಿಷ, ಒಂದೇ ರೀಲು. ಮೂರೂಕಾಲಿಗೆ ಹೆಣಕ್ಕೆ ಬಿಡುಗಡೆ. ಐದರ ದೋಣಿ ಧಾರಾಳವಾಗಿ ಸಿಗುತ್ತದೆ ಎಂದು ಮಾತು ಕೊಟ್ಟನು. ಹಾಕಿಕೊಳ್ಳಬೇಕಾದದ್ದು ಕರಿ ಸೂಟು. ಲಿಯೊಕಾದಿಯಳನ್ನು ಕಾಣಲೆಂದು ಹೊಲಿಸಿದ ಸೂಟೂ ಕರಿಯದೇ ಆದ್ದರಿಂದ, ಬಟ್ಟೆ ಬದಲಿಸುವ ಹೊತ್ತು ಉಳಿಯುತ್ತದೆಂದು ಬೆಲರ್ಮೀನೊ ಒಪ್ಪಿಕೊಂಡನು.

ಕಾಗದದ ಮೇಲೆ ಸುಳ್ಳು ಹೆಸರು ಹಾಕೋಣವೆಂದು ಯಾರೋ ಹೇಳಿದಾಗ ನಿರ್ದೇಶಕನಿಗೆ ನೋವಾಯಿತು. "ಸುಳ್ಳು ಹೆಸರಿನ ಕೆಳಗೆ ನಿಜವಾದ ಮುಖ ಇರೋದು ಹೇಗೆ?" ಎಂದನು. ಹೀಗಾಗಿ ನಿಜವಾದ ಹೆಸರೇ ಬಿತ್ತು.

ಗುರುವಾರ ಬೆಳಿಗ್ಗೆ ಕಾಗದ ಅಂಟಿಸುವ ಕೆಲಸ ಅಬೀಲಿಯುವಿನ ಪಾಲಿಗೆ ಬಂತು. ಚರ್ಚಿನ ಗಂಟೆ ಬಾರಿಸುವವನೂ ಮರಣದ ಕಾಗದ ಅಂಟಿಸುವವನೂ ಮೂವತ್ತು ವರ್ಷಗಳಿಂದ ಅವನೇ. ನಿರ್ದೇಶಕ ಸೀಮೆಸುಣ್ಣದಲ್ಲಿ ಗುರುತು ಮಾಡಿದ ಹನ್ನೊಂದು ಕಡೆ ಹನ್ನೊಂದನ್ನು ಅಂಟಿಸಿದ ಮೇಲೆ ಅವನ ಕೈಯಲ್ಲಿ ಒಂದು ಕಾಗದವೂ ಡಬ್ಬಿಯ ತಳದಲ್ಲಿ ಒಂದಿಷ್ಟು ಅಂಟೂ ಉಳಿದವು. ಅಬೀಲಿಯು ಒಂದು ಗಳಿಗೆಯೂ ಯೋಚಿಸಲಿಲ್ಲ, ತಪ್ಪಾದದ್ದೇ ಅಲ್ಲಿ. ಎಂಟರ ದೋಣಿಯಲ್ಲಿ ನದಿ ದಾಟಿ, ಅಲ್ಕೊರೇಲಿನ ಕಡವಿನ ಕಾಫಿ ಅಂಗಡಿಯ ಬಾಗಿಲಿಗೆ ಅದನ್ನು ಅಂಟಿಸಿ, ಅಂಗೈಯಿಂದ ನೀವಿ, ಒಂಬತ್ತರ ದೋಣಿಯಲ್ಲಿ ಹಿಂದಿರುಗಿದನು.

"ಉಳಿದಿದ್ದು ಆಚೆ ದಡಕ್ಕೆ. ನಮ್ಮಪ್ಪನ ಕಾಲದಿಂದ್ಲೂ ಹಾಗೇ" ಎಂದು ಆಮೇಲೆ ಕೇಳಿದವರಿಗೆ ಹೇಳಿದನು. "ಸಿನಿಮಾದ ಹೆಣ ಆದ್ರೆ ಆಚೆ ದಡಕ್ಕೆ ಬೇಡ ಅಂತ ನಂಗ್ಯಾರು ಹೇಳಿದ್ರು?"

ಮಧ್ಯಾಹ್ನ ಎರಡಕ್ಕೆ ಬೆಲರ್ಮೀನೊನನ್ನು ಲುದುವೀನ ಚಿಕ್ಕಮ್ಮನ ವಶಕ್ಕೆ ಒಪ್ಪಿಸಿದರು. ಊರಿನ ಹೆಣಗಳನ್ನೆಲ್ಲ ತೊಳೆದು ಅಣಿಗೊಳಿಸುವವಳು ಅವಳೇ. ಲಿಸ್ಬನ್ನಿನ ಬಣ್ಣ ಹಚ್ಚುವ ಹುಡುಗಿಯನ್ನು ಅವಳು ಮೊಣಕೈಯಿಂದ ಬದಿಗೆ ಸರಿಸಿದಳು.

"ನೀನು ಬದುಕಿದವರಿಗೆ ಬಣ್ಣ ಹಚ್ಕೊಳಮ್ಮ. ಇದು ನನ್ನ ಕಸುಬು. ಬೆಲರ್ಮೀನೊ, ಮಲಕ್ಕೋ. ಕೈ ಎದೆ ಮೇಲೆ. ಹಾಗಲ್ಲ, ಬಲಗೈ ಮೇಲಿರ್ಲಿ. ನಿಮ್ಮಪ್ಪನೂ ಹೀಗೇ ತಪ್ಪು ಮಾಡಿದ್ದ."

"ನಮ್ಮಪ್ಪ ಸತ್ತಿದ್ರಲ್ಲ ಚಿಕ್ಕಮ್ಮ."

"ಆದ್ರೂ ಕೈ ಜಾರಿಸ್ತಿದ್ದ."

ಹೇಳುತ್ತಲೇ ಅವಳು ಹತ್ತಿಯನ್ನು ಉಂಡೆ ಮಾಡಿ ಅವನ ಎಡಗಿವಿಗೆ ತುರುಕಿದಳು, ಬಲಗಿವಿಗೆ ತುರುಕಿದಳು, ಮೂಗಿಗೆ ಕೈ ಹಾಕಿದಳು. ನಿರ್ದೇಶಕ ಓಡಿಬಂದನು.

"ಮೂಗು ಬಿಟ್ಟುಬಿಡಿ ಅಮ್ಮ, ಅವ್ರು ಉಸಿರಾಡ್ಬೇಕು."

"ಉಸಿರಾಡೋ ಹೆಣಾನ ನಾನು ಇದುವರೆಗೆ ಕಳಿಸ್ಕೊಟ್ಟಿಲ್ಲ ಡಾಕ್ಟರೇ. ಊರವರು ಏನಂದಾರು?"

ಮಾತುಕತೆಯ ಕೊನೆಗೆ ಮೂಗು ಬೆಲರ್ಮೀನೊನಿಗೂ ಕಿವಿಗಳು ಲುದುವೀನಳಿಗೂ ಸೇರಿದವು. ಹತ್ತಿ ಹೊಕ್ಕ ಮೇಲೆ ಜಗತ್ತು ಬಾವಿಯ ತಳದಿಂದ ಕೇಳುವ ಊರಿನಂತಾಯಿತು. ಗಂಟೆ ಎಷ್ಟು ಎಂದು ಅವನು ಮೂರು ಸಲ ಕೇಳಿದನು; ಮೂರು ಸಲವೂ ಯಾರೋ ಉತ್ತರ ಹೇಳಿದರು; ಒಂದು ಸಲವೂ ಅವನಿಗೆ ಕೇಳಿಸಲಿಲ್ಲ.

ಚರ್ಚಿನಲ್ಲಿ ಕ್ಯಾಮರಾ ಮೇಲೆ, ಹಾಡುವವರು ನಿಲ್ಲುವ ಅಟ್ಟದಲ್ಲಿತ್ತು. ಮೈಕನ್ನು ಬೆಲರ್ಮೀನೊ ಮಲಗಿದ್ದ ಹೆಣದ ಪೆಟ್ಟಿಗೆಯ ತಲೆಯ ಬಳಿ ಸೇವಂತಿಗೆ ಹೂಗಳ ನಡುವೆ ಬಚ್ಚಿಟ್ಟಿದ್ದರು. ಧ್ವನಿಮುದ್ರಣದವನು ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಪಾಪನಿವೇದನೆಯ ಗೂಡಿನೊಳಗೆ ಕುಳಿತಿದ್ದನು. ಅವನು ಅಲ್ಲಿರುವುದು ತಿಳಿಯದೆ ಒಬ್ಬ ಮುದುಕಿ ಮೊಣಕಾಲೂರಿ ಆಲಿವ್ ಎಣ್ಣೆಯ ವಿಷಯವೊಂದನ್ನು ಒಪ್ಪಿಕೊಂಡು ಹೋಗಿದ್ದಳು. ನಿರ್ದೇಶಕ ಊರವರನ್ನು ಬೆಂಚುಗಳ ಮೇಲೆ ಕೂರಿಸಿ ಹೇಳಿದನು:

"ನಟನೆ ಬೇಡ. ನಿಜವಾದ ಹೆಣದ ಮುಂದೆ ಏನು ಮಾಡ್ತೀರೋ ಅದನ್ನೇ ಮಾಡಿ. ಯಾರು ಬಂದ್ರೂ ಬರ್ಲಿ, ಏನಾದ್ರೂ ಆಗ್ಲಿ, ಯಾರೂ ಅಡ್ಡ ಹೋಗ್ಬೇಡಿ. ಇರೋದು ಒಂದೇ ರೀಲು. ಸೆನ್ಯೋರ್ ಬೆಲರ್ಮೀನೊ, ನಿಮ್ಮ ರೆಪ್ಪೆ ಅಲ್ಲಾಡಿದ್ರೂ ಎಲ್ಲಾ ಹಾಳು."

ಬೆಲರ್ಮೀನೊನಿಗೆ ಇದೂ ಕೇಳಿಸಲಿಲ್ಲ. ಆದರೆ ಅಲುಗಾಡದಿರಲು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಮೂರು ಗಂಟೆಗೆ ರೀಲು ತಿರುಗಿತು. ಊರವರು ನಿಜವಾದ ಹೆಣದ ಮುಂದೆ ಮಾಡುವುದನ್ನೇ ಮಾಡಿದರು. ಎಂದರೆ, ಮೊದಲ ಒಂದು ನಿಮಿಷ ಅತ್ತು, ಆಮೇಲೆ ದ್ರಾಕ್ಷಿಯ ಫಸಲಿನ ಮಾತು ತೆಗೆದರು. ನಾಲ್ಕನೆಯ ನಿಮಿಷದಲ್ಲಿ ಚರ್ಚಿನ ಬಾಗಿಲು ತೆರೆಯಿತು.

ಬಾಗಿಲಲ್ಲಿ ದೋನ ಲಿಯೊಕಾದಿಯ ನಿಂತಿದ್ದಳು. ಮೇಲೆ ಕಪ್ಪು ಶಾಲು, ಕೆಳಗೆ ಹಿಟ್ಟು ಮೆತ್ತಿದ ಬೇಕರಿಯ ಚಪ್ಪಲಿ, ಕಂಕುಳಲ್ಲಿ ಸಾವಿನ ಮನೆಗೆಂದು ತಂದ ದೊಡ್ಡದೊಂದು ಬ್ರೆಡ್ಡು. ಸೊಬ್ರೇರದಲ್ಲಿ ಸಿನಿಮಾದವರು ಇಳಿದಿರುವ ಸುದ್ದಿ ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಸಿನಿಮಾದವರ ಸುದ್ದಿ ಬಾಯಿಂದ ಬಾಯಿಗೆ ಬಂದದ್ದು. ಬೆಲರ್ಮೀನೊನ ಸುದ್ದಿ ಬಾಗಿಲ ಮೇಲೆ ಕಪ್ಪು ಅಂಚಿನೊಳಗೆ ಬಂದದ್ದು.

"ಇವಳಿಗೂ ವೇಷ ಕೊಟ್ಟಿದ್ದಾರಾ?" ಎಂದು ಮೊದಲ ಬೆಂಚಿನಲ್ಲಿ ಲುದುವೀನ ಪಿಸುಗುಟ್ಟಿದಳು.

"ಕೊಟ್ಟಿರ್ಬೇಕು. ನೋಡು, ಚಪ್ಪಲಿಗೆ ಹಿಟ್ಟು ಕೂಡ ಮೆತ್ತಿದ್ದಾರೆ" ಎಂದನು ಒರಾಸಿಯು.

"ನಮ್ಮೂರ ಹೆಣಕ್ಕೆ ಆಚೆ ದಡದವಳು ಯಾಕೆ? ನಮ್ಮಲ್ಲಿ ಅಳೋರು ಇಲ್ವಾ?"

ಇಲ್ಲವೆಂದು ಯಾರೂ ಹೇಳದಂತೆ ಲುದುವೀನ ಗಂಟಲೆತ್ತಿ ಅಳತೊಡಗಿದಳು. ಅವಳ ಹಿಂದಿನ ಸಾಲಿನವರೂ ಬಿಟ್ಟುಕೊಡಲಿಲ್ಲ. ಸೊಬ್ರೇರದಲ್ಲಿ ಅಷ್ಟು ಚೆನ್ನಾಗಿ ಅಳಿಸಿಕೊಂಡ ಹೆಣ ಅದಕ್ಕೆ ಹಿಂದೆಯೂ ಇಲ್ಲ, ಅದರ ನಂತರವೂ ಇಲ್ಲ. ಮೇಲೆ ಅಟ್ಟದಲ್ಲಿ ನಿರ್ದೇಶಕ ಕ್ಯಾಮರಾಮನ್ನನ ತೋಳನ್ನು ಹಿಡಿದುಕೊಂಡನು. ಈ ಹೆಂಗಸು ಯಾರೆಂದು ಅವನಿಗೆ ತಿಳಿಯದು. ದೇವರು ಕಳಿಸಿದವಳೆಂದು ಭಾವಿಸಿದನು.

ಬೆಲರ್ಮೀನೊನಿಗೆ ಮೊದಲು ತಿಳಿದದ್ದು ಪರಿಮಳ. ಸೋಂಪು ಹಾಕಿದ ಬಿಸಿ ಬ್ರೆಡ್ಡಿನ ಪರಿಮಳ. ಒಂಬತ್ತು ವರ್ಷ ಗುರುವಾರ ಗುರುವಾರ ಅದನ್ನು ಎದೆಗವಚಿಕೊಂಡು ದೋಣಿಯಲ್ಲಿ ಬಂದವನಿಗೆ ಅದು ಯಾರ ಬ್ರೆಡ್ಡೆಂದು ಕಣ್ಣು ತೆರೆದು ನೋಡಬೇಕಾಗಿರಲಿಲ್ಲ. ಆಮೇಲೆ ಕೆನ್ನೆಯ ಮೇಲೆ ಬಿಸಿಯಾದ ಒಂದು ಹನಿ ಬಿತ್ತು. ಆಮೇಲೆ ಎಡಗಿವಿಯ ಬಳಿ ಉಸಿರು.

ಅವಳು ಬಾಗಿ ಅವನ ಕಿವಿಯಲ್ಲಿ ಮಾತಾಡುತ್ತಿದ್ದಳು.

ಒಂದೆರಡು ಪದವಲ್ಲ; ಒಂದು ಪೂರ್ತಿ ಮಾತು. ಹತ್ತಿಯ ಆಚೆ ಅದು ಗೋಡೆಯ ಹಿಂದಿನ ಜೇನುಗೂಡಿನಂತೆ ಗುಂಯ್ಗುಟ್ಟಿತು. ಅವನು ಮೈಯ ಎಲ್ಲಾ ಶಕ್ತಿಯನ್ನೂ ಎಡಗಿವಿಗೆ ಕಳಿಸಿದನು. ಲುದುವೀನಳ ಹತ್ತಿ ಒಂದಕ್ಷರವನ್ನೂ ಒಳಗೆ ಬಿಡಲಿಲ್ಲ. ಏಳಲೇ? ಎದ್ದರೆ ರೀಲು ಹೋಯಿತು, ಊರಿನವರು ಅವನನ್ನು ಅದೇ ಪೆಟ್ಟಿಗೆಯಲ್ಲಿ ನಿಜವಾಗಿ ಮಲಗಿಸುತ್ತಾರೆ. ಆದರೆ ಗುರುವಾರ ಉತ್ತರ ಹೇಳುತ್ತೇನೆಂದವಳು, ಗುರುವಾರವೇ ನದಿ ದಾಟಿ ಬಂದು, ಕಣ್ಣೀರು ಸುರಿಸಿ, ಕಿವಿಯಲ್ಲಿ ಹೇಳುವ ಮಾತು ಯಾವುದಿದ್ದೀತು? ಅಕ್ಷರ ಕೇಳಿಸದಿದ್ದರೇನು, ಅರ್ಥ ತಿಳಿಯಿತೆಂದುಕೊಂಡನು. ಉಳಿದ ನಾಲ್ಕು ನಿಮಿಷ, ಸೊಬ್ರೇರದ ಯಾವ ಹೆಣವೂ ಮಲಗಿರದಷ್ಟು ನೆಮ್ಮದಿಯಿಂದ ಮಲಗಿದ್ದನು.

"ಕಟ್!" ಎಂದು ಅಟ್ಟದಿಂದ ನಿರ್ದೇಶಕ ಕೂಗಿದನು. ಅದು ಬೆಲರ್ಮೀನೊನಿಗೆ ಕೇಳಿಸುವಂತೆ ಒರಾಸಿಯು ಅವನ ಕಾಲಿನ ಹೆಬ್ಬೆರಳನ್ನು ಎಳೆದನು.

ಹೆಣ ಎದ್ದು ಕುಳಿತು ಎರಡೂ ಕೈ ಚಾಚಿತು: "ದೋನ ಲಿಯೊಕಾದಿಯ!"

ದೋನ ಲಿಯೊಕಾದಿಯ ಕಿರುಚಲಿಲ್ಲ, ಮೂರ್ಛೆ ಹೋಗಲಿಲ್ಲ. ಪೆಟ್ಟಿಗೆಯಲ್ಲಿ ಕುಳಿತವನನ್ನು ನೋಡಿದಳು, ಅಟ್ಟದಲ್ಲಿ ಕುಣಿಯುತ್ತಿದ್ದ ನಿರ್ದೇಶಕನನ್ನು ನೋಡಿದಳು, ಪಾಪನಿವೇದನೆಯ ಗೂಡಿನಿಂದ ಹೊರಬಂದ ಹೆಡ್‌ಫೋನಿನವನನ್ನು ನೋಡಿದಳು, ಆಮೇಲೆ ಬ್ರೆಡ್ಡಿನಿಂದ ಬೆಲರ್ಮೀನೊನ ತಲೆಗೆ ಬಾರಿಸಿದಳು. ಹೊರಗೆ ಗಟ್ಟಿ, ಒಳಗೆ ಮೆತ್ತಗಿನ ಬ್ರೆಡ್ಡು ಅದು. ಹೊಡೆದದ್ದು ಹೊರಗಿನ ಭಾಗ.

"ಬದುಕಿದ್ದೀರಾ?"

"ಇದ್ದೀನಿ" ಎಂದನು ಬೆಲರ್ಮೀನೊ. ಹತ್ತಿಯಿಂದಾಗಿ ಅವಳ ತುಟಿ ನೋಡಿ ಊಹಿಸಿದ್ದು.

"ಮತ್ತೆ ಬಾಗಿಲ ಮೇಲೆ ಕಾಗದ?"

ಎಲ್ಲರೂ ಅಬೀಲಿಯುವಿನ ಕಡೆ ತಿರುಗಿದರು. ಅಬೀಲಿಯು ಗಂಟೆಯ ಹಗ್ಗದ ಕಡೆ ತಿರುಗಿದನು.

ಬೆಲರ್ಮೀನೊ ಹತ್ತಿಯನ್ನು ಕಿತ್ತೆಸೆದು ಪೆಟ್ಟಿಗೆಯಿಂದ ಇಳಿದನು. "ಉತ್ತರ ಹೇಳಿ ದೋನ ಲಿಯೊಕಾದಿಯ. ಕಿವೀಲಿ ಹತ್ತಿ ಇತ್ತು. ನಂಗೊಂದಕ್ಷರವೂ ಕೇಳಿಸ್ಲಿಲ್ಲ."

ಲಿಯೊಕಾದಿಯಳ ಮುಖ ಒಲೆಯ ಬಾಯಿಯಂತೆ ಕೆಂಪಾಯಿತು. ಕಣ್ಣು ಕೆಳಗಿಳಿಯಿತು.

"ಹೇಳೋದು ಹೇಳಿ ಆಯ್ತು ಬೆಲರ್ಮೀನೊ ಅವ್ರೇ. ಅಂಥ ಮಾತನ್ನ ಮುಖ ನೋಡ್ಕೊಂಡು ಎರಡನೇ ಸಲ ಹೇಳೋ ಧೈರ್ಯ ನಂಗಿಲ್ಲ" ಎಂದವಳೇ ಶಾಲು ಹೊದ್ದು, ಮೂರೂವರೆಯ ದೋಣಿಯ ಕಡೆಗೆ ಹೊರಟುಬಿಟ್ಟಳು. ಬ್ರೆಡ್ಡನ್ನು ಬಿಟ್ಟು ಹೋದಳು. ಅದು ಶುಭಲಕ್ಷಣವೆಂದು ಒರಾಸಿಯು ಅಭಿಪ್ರಾಯಪಟ್ಟನು.

"ನಾಚ್ಕೊಂಡ್ಲು" ಎಂದಳು ಲುದುವೀನ. "ನಾನೂ ಹಾಗೇ ನಾಚ್ಕೊಂಡಿದ್ದೆ. ನೀನು ಗೆದ್ದೆ ಕಣೋ."

"ಆದ್ರೂ ಏನಂದ್ರು ಅಂತ ಗೊತ್ತಾಗ್ಬೇಕಲ್ಲ ಚಿಕ್ಕಮ್ಮ. ಕೇಳದೆ ನಾಳೆ ಅವರ ಮುಂದೆ ಹೇಗೆ ನಿಲ್ಲಲಿ?"

ಆಗ ಯಾರಿಗೋ ಸೇವಂತಿಗೆಯೊಳಗಿನ ಮೈಕು ನೆನಪಾಯಿತು. ಇಡೀ ಊರು ಧ್ವನಿಮುದ್ರಣದವನನ್ನು ಸುತ್ತುವರಿಯಿತು. ತೆಳ್ಳಗಿನ, ದುಃಖಮುಖದ ಮನುಷ್ಯ ಅವನು.

"ಆಯಮ್ಮ ಏನಂದ್ರು ಸ್ವಾಮಿ?" ಎಂದು ಬೆಲರ್ಮೀನೊ ಕೇಳಿದನು.

"ನಾನು ಮಾತು ಕೇಳಲ್ಲ. ಶಬ್ದ ಕೇಳ್ತೀನಿ" ಎಂದು ಅವನು ಹೇಳಿದನು. "ಎಡಗಡೆ ಒಂದು ನೊಣ ಇತ್ತು. ಅದ್ಭುತವಾಗಿ ಬಂದಿದೆ."

"ನೊಣದ ಹತ್ತಿರ ಒಬ್ಬ ಹೆಂಗಸೂ ಇದ್ರಲ್ಲ!"

"ಇರ್ಬಹುದು. ಬೇಕಾದ್ರೆ ಟೇಪು ಹಾಕ್ತೀನಿ. ಆದ್ರೆ ಹೆಡ್‌ಫೋನು ಒಂದೇ ಇದೆ."

ಬೆಲರ್ಮೀನೊನಿಗೆ ಒಂದೇ ಸಾಕಾಗಿತ್ತು. ಊರಿಗೆ ಸಾಕಾಗಲಿಲ್ಲ. ತಾವೂ ಅತ್ತವರು, ತಮಗೂ ಹಕ್ಕಿದೆಯೆಂದು ಮೊದಲ ಬೆಂಚಿನವರು ವಾದಿಸಿದರು. ಒರಾಸಿಯು ಓಡಿಹೋಗಿ, ಸಂತ ಇರಿಯಳ ಹಬ್ಬದಲ್ಲಿ ಕಂಬಕ್ಕೆ ಕಟ್ಟುವ ಎರಡು ಧ್ವನಿವರ್ಧಕಗಳನ್ನು ಹೊತ್ತು ತಂದನು. ಐದು ಗಂಟೆಯ ಹೊತ್ತಿಗೆ ಚರ್ಚಿನ ಮುಂದಿನ ಅಂಗಳದಲ್ಲಿ ಮೇಜು, ಮೇಜಿನ ಮೇಲೆ ಟೇಪಿನ ಯಂತ್ರ, ಯಂತ್ರದ ಸುತ್ತ ಊರು ಸಿದ್ಧವಾಗಿತ್ತು. ವೈನಿನ ಕೂಜಗಳು ಹೊರಬಂದವು. ಹೆಣದ ಪೆಟ್ಟಿಗೆಯ ಮೇಲೆ ಬಟ್ಟೆ ಹಾಸಿ ಅದರ ಮೇಲೆ ಸಾಸೇಜನ್ನೂ ಲಿಯೊಕಾದಿಯಳ ಬ್ರೆಡ್ಡನ್ನೂ ಕೊಯ್ದಿಟ್ಟರು. ಮದುವೆ ದ್ರಾಕ್ಷಿಯ ಕೊಯ್ಲಿನ ಮುಂಚೆಯೋ ಆಮೇಲೋ ಎಂಬುದರ ಬಗ್ಗೆ ಎರಡು ಪಂಗಡಗಳಾದವು. ಐದರ ದೋಣಿ ಶಿಳ್ಳೆ ಹಾಕಿ ಹೊರಟುಹೋಯಿತು. ಹೊಸ ಸೂಟಿನಲ್ಲಿ, ಮುಖದ ತುಂಬ ಲುದುವೀನಳ ಪೌಡರಿನಲ್ಲಿ, ಊರ ನಡುವೆ ಬೆಲರ್ಮೀನೊ ಮದುಮಗನಂತೆ ನಿಂತಿದ್ದನು.

"ಮಾತಾಡ್ಬೇಡ್ರೋ!" ಎಂದು ಒರಾಸಿಯು ಗದರಿದನು. ಯಂತ್ರ ತಿರುಗಿತು.

ಮೊದಲು ದ್ರಾಕ್ಷಿಯ ಫಸಲಿನ ಮಾತು ಬಂತು. ನೊಣ ಬಂತು, ಅದು ನಿಜಕ್ಕೂ ಅದ್ಭುತವಾಗಿತ್ತು. ಬಾಗಿಲು ಕಿರುಗುಟ್ಟಿತು. 'ಇವಳಿಗೂ ವೇಷ ಕೊಟ್ಟಿದ್ದಾರಾ' ಎಂಬ ಪಿಸುಮಾತು ಅಂಗಳದ ತುಂಬ ಗುಡುಗಿದಾಗ ಲುದುವೀನ ಬೇರೆ ಕಡೆ ನೋಡಿದಳು. ಆಮೇಲೆ, ಹೂಗಳ ಪಕ್ಕದಿಂದಲೇ ಬಂದದ್ದರಿಂದ ಎಲ್ಲ ಅಳುವಿಗಿಂತಲೂ ಸ್ಪಷ್ಟವಾಗಿ, ಲಿಯೊಕಾದಿಯಳ ದನಿ:

"ಬೆಲರ್ಮೀನೊ ಅವ್ರೇ, ನನ್ನ ಕ್ಷಮಿಸ್ಬಿಡಿ. ಇವತ್ತು ನೀವು ಬಂದಿದ್ರೆ ನಾನು 'ಆಗೋದಿಲ್ಲ' ಅಂತ ಹೇಳ್ಬೇಕಾಗಿತ್ತು."

ಅಂಗಳದಲ್ಲಿ ಯಾರದೋ ಗ್ಲಾಸು ಮೇಜಿಗೆ ತಗಲಿತು.

"ಒಂದು ವಾರದಿಂದ ಆ ಮಾತು ಗಂಟಲಲ್ಲಿ ಸಿಕ್ಕಿ ಹಾಕ್ಕೊಂಡಿತ್ತು" ಎಂದು ದನಿ ಮುಂದುವರಿಯಿತು. "ಇಷ್ಟು ಒಳ್ಳೆಯವರ ಮುಖಕ್ಕೆ ಹೇಗಪ್ಪಾ ಹೇಳೋದು ಅಂತ ಯೋಚನೆ ಮಾಡ್ತಾ ಮಾಡ್ತಾ ಎರಡು ಸಲ ಒಲೇಲಿ ಬ್ರೆಡ್ಡು ಕರಕಲಾಯ್ತು. ಈಗ ನೀವಾಗೇ ಹೋಗ್ಬಿಟ್ರಿ. ಇಂಥ ಉಪಕಾರ ನಂಗೆ ಯಾರೂ ಮಾಡಿರ್ಲಿಲ್ಲ. ದೇವ್ರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ."

ಇದರ ನಂತರ ಟೇಪಿನಲ್ಲಿ ಲುದುವೀನಳ ಅಳು ಬಹಳ ಹೊತ್ತು ಇತ್ತು. ಅಂಗಳದಲ್ಲಿ ಅದನ್ನು ನಿಲ್ಲಿಸಬೇಕೆಂದು ಯಾರಿಗೂ ತೋಚಲಿಲ್ಲ. ಒರಾಸಿಯು ವೈನನ್ನು ಕೂಜಕ್ಕೆ ಹಿಂದಕ್ಕೆ ಸುರಿದನು. ಮದುವೆ ಕೊಯ್ಲಿನ ಮುಂಚೆಯೇ ಆಗಬೇಕೆಂದಿದ್ದವರು ತಾವು ಹಾಗೆ ಹೇಳಲೇ ಇಲ್ಲ ಎಂದರು. ಬೆಲರ್ಮೀನೊ ಮಾತ್ರ ಅಲುಗಾಡಲಿಲ್ಲ.

ಆ ಹೊತ್ತಿಗೆ ಚರ್ಚಿನೊಳಗಿನಿಂದ ನಿರ್ದೇಶಕ ಕ್ಯಾಮರಾಮನ್ನನೊಡನೆ ಹೊರಗೆ ಬಂದನು. ಅವನ ಮುಖ ಊರವರ ಮುಖಕ್ಕಿಂತಲೂ ಸಪ್ಪಗಿತ್ತು.

"ಎಲ್ಲಾ ಹಾಳಾಯ್ತು" ಎಂದನು. "ಕೊನೇ ನಾಲ್ಕು ನಿಮಿಷ ಹೆಣ ನಗ್ತಾ ಇತ್ತಂತೆ. ಇವರು ಲೆನ್ಸಿನಲ್ಲಿ ನೋಡಿದ್ದಾರೆ. ನಗು ಅಂದ್ರೆ ಅಂಥಿಂಥ ನಗುವಲ್ಲ, ಹಲ್ಲು ಕಾಣೋ ಹಾಗೆ. ನಾಳೆ ಬಸ್ಸಲ್ಲಿ ಹೊಸ ರೀಲು ಬರುತ್ತೆ. ಮೂರು ಗಂಟೆಗೆ ಮತ್ತೆ ತೆಗೀಬೇಕು. ಆ ಬ್ರೆಡ್ಡಿನ ಹೆಂಗಸು ಬೇಕೇ ಬೇಕು. ಅದೇ ಮಾತು, ಅದೇ ಕಣ್ಣೀರು."

"ಅವ್ರು ಬರಲ್ಲ ಡಾಕ್ಟರೇ" ಎಂದನು ಬೆಲರ್ಮೀನೊ. ಅವನ ದನಿಯಲ್ಲಿ ಒಂದಿಷ್ಟು ಆಸೆಯಿತ್ತು. "ಆ ಮಾತನ್ನ ಎರಡನೇ ಸಲ ಹೇಳೋ ಧೈರ್ಯ ಇಲ್ಲ ಅಂದಿದ್ದಾರೆ."

ಒರಾಸಿಯು ಆಗಲೇ ಅಂಗಡಿಗೆ ಓಡಿ ಅಲ್ಕೊರೇಲಿನ ಬೇಕರಿಗೆ ಫೋನು ಮಾಡಿದ್ದನು. ಹಿಂದಿರುಗಿ ಬಂದು, ಹೇಳಲೋ ಬೇಡವೋ ಎಂದು ಬೆಲರ್ಮೀನೊನ ಮುಖ ನೋಡಿ, ಕೊನೆಗೆ ಎಲ್ಲರಿಗೂ ಕೇಳಿಸುವಂತೆ ಹೇಳಿದನು:

"ಬರ್ತಾರಂತೆ. 'ಅವ್ರು ಸತ್ತು ಮಲಗಿರೋದಾದ್ರೆ ಎಷ್ಟು ಸಲ ಬೇಕಾದ್ರೂ ಹೇಳ್ತೀನಿ' ಅಂದ್ರು."

ಲುದುವೀನ ಉಸ್ಸೆಂದು ಎದ್ದು, ಮಡಿಲಿನಿಂದ ಹತ್ತಿಯ ಸುರುಳಿಯನ್ನು ತೆಗೆದಳು. ಒಂಬತ್ತು ವರ್ಷ ಬ್ರೆಡ್ಡು ಹೊತ್ತವನಿಗೆ ತನ್ನಿಂದಾಗುವ ಉಪಕಾರ ಇಷ್ಟಾದರೂ ಆಗಲಿ ಎಂಬಂತೆ ಹಿಂದಿನದಕ್ಕಿಂತ ದೊಡ್ಡ ಎರಡು ಉಂಡೆಗಳನ್ನು ಮಾಡತೊಡಗಿದಳು.

ನಿರ್ದೇಶಕ ಅವಳ ಕೈ ಹಿಡಿದು ನಿಲ್ಲಿಸಿದನು.

"ನಾಳೆ ಹತ್ತಿ ಬೇಡ ಅಮ್ಮ" ಎಂದನು. "ಕೇಳಿಸ್ಕೊಂಡೇ ಮಲಗ್ಲಿ. ಆಗ ನಗೋದಿಲ್ಲ."